ಹಸು ಕಾಲು ಕುಟ್ಟುತ್ತಿದ್ದರೆ ಗೊಂತಿನ ಮೂಲೆ ನೋಡಿ

ಹಸು ನಿಂತಲ್ಲೇ ಕಾಲು ಝಾಡಿಸುತ್ತಾ ನೆಲ ಕುಟ್ಟುತ್ತಿದ್ದರೆ ಬಗ್ಗಿ ಮೊಣಕಾಲಿನ ಕೆಳಗೆ ನೋಡಿ. ಸೂಜಿಯ ಹಾಗೆ ಮೂತಿ ಮುಂದಕ್ಕೆ ಚಾಚಿದ ಬೂದು ನೊಣ ಕಂಡರೆ ಅದು ಮನೆನೊಣ ಅಲ್ಲ, ರಕ್ತ ಹೀರುವ ಜಾತಿ. ಹಸು ಕೊಡವಿದಾಗ ಅರ್ಧಕ್ಕೇ ಎದ್ದು ಪಕ್ಕದ ದನದ ಮೇಲೆ ಕೂರುತ್ತದೆ. ತಾಪತ್ರಯ ಇರೋದೇ ಅಲ್ಲಿ. ಚರ್ಮಗಂಟು ರೋಗದ ವೈರಸ್ ಮೂತಿಗೆ ಅಂಟಿಕೊಂಡು ಹೀಗೇ ದಾಟಬಲ್ಲದು.

ಬರೀ ಔಷಧಿ ಸಿಂಪಡಿಸಿ ಸುಮ್ಮನಾಗಬೇಡಿ. ಇದು ಮೊಟ್ಟೆ ಇಡೋದು ಗಂಜಲದಲ್ಲಿ ನೆನೆದು ಕೊಳೆತ ಹುಲ್ಲಿನಲ್ಲಿ. ಸೆಕೆಗಾಲದಲ್ಲಿ 2–3 ವಾರಕ್ಕೆ ಹೊಸ ನೊಣ ತಯಾರು. ವಾರಕ್ಕೊಮ್ಮೆಯಾದರೂ ಆ ಹುಲ್ಲು ಎಳೆದು ತೆಳ್ಳಗೆ ಹರಡಿ ಒಣಗಿಸಿ. ಗೊಂತಿನ ಮೂಲೆಯನ್ನೇ ಎಲ್ಲರೂ ಮರೆಯೋದು! ಮೈಮೇಲೆ ಗಂಟು ಕಂಡ ದನವನ್ನು ಬೇರೆ ಕಟ್ಟಿ, ಪಶುವೈದ್ಯರನ್ನು ಕರೆಸಿ. ಹಾಂ, ಒಂದೇ ಸೂಜಿಯಲ್ಲಿ ಎರಡು ದನಕ್ಕೆ ಚುಚ್ಚಿಸಬೇಡಿ.