ಹೊಸ ವಾರ್ಡ್ ಕೇಳುವ ಮುನ್ನ: ತಾಲ್ಲೂಕು ಆಸ್ಪತ್ರೆಯ ಬೇಡಿಕೆ ಪಟ್ಟಿ ಸಿದ್ಧಪಡಿಸುವುದು ಹೇಗೆ?

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕ್ರಿಯಾ ಯೋಜನೆಗೆ ಪ್ರಸ್ತಾವ ಕಳುಹಿಸುವಾಗ ಹೊಸ ಕಟ್ಟಡ, ಹೊಸ ಯಂತ್ರ ಎಂದು ಬರೆಯುವುದು ಸುಲಭ. ಇರುವ ಹಾಸಿಗೆ, ಇರುವ ಸಿಬ್ಬಂದಿ ಎಷ್ಟು ಕೆಲಸಕ್ಕೆ ಬರುತ್ತಿದ್ದಾರೆ ಎಂಬ ಲೆಕ್ಕವನ್ನು ಮೊದಲು ಮಾಡಿದರೆ ಪಟ್ಟಿಯ ಸ್ವರೂಪವೇ ಬದಲಾಗಬಹುದು. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಆಡಳಿತ ವೈದ್ಯಾಧಿಕಾರಿಗಳಿಗೂ ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿಗೂ ನೆರವಾಗುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಹಾಸಿಗೆಗಳ ಲೆಕ್ಕ. 100 ಹಾಸಿಗೆಗಳ ಆಸ್ಪತ್ರೆಯಲ್ಲಿ 30 ದಿನಕ್ಕೆ 3,000 ಹಾಸಿಗೆ-ದಿನಗಳು (ಒಂದು ಹಾಸಿಗೆ ಒಂದು ದಿನ ಲಭ್ಯವಿದ್ದರೆ ಒಂದು ಹಾಸಿಗೆ-ದಿನ) ಲಭ್ಯ. ಪ್ರತಿ ಮಧ್ಯರಾತ್ರಿ ಎಣಿಸಿದ ಒಳರೋಗಿಗಳ ಸಂಖ್ಯೆಯನ್ನು ತಿಂಗಳಿಡೀ ಕೂಡಿಸಿದಾಗ 2,400 ಬಂದಿತೆಂದು ಭಾವಿಸೋಣ. ಬಳಕೆ ಶೇ 80. ಅದೇ ತಿಂಗಳು ಆಸ್ಪತ್ರೆಯಿಂದ ಹೊರಹೋದವರು 600 ಮಂದಿಯಾದರೆ ಸರಾಸರಿ ವಾಸ 4 ದಿನ. ಇದನ್ನು ಮೂರೂವರೆ ದಿನಕ್ಕೆ ಇಳಿಸಿದರೆ ಅಷ್ಟೇ ರೋಗಿಗಳಿಗೆ 2,100 ಹಾಸಿಗೆ-ದಿನ ಸಾಕು. ಉಳಿದ 300 ಎಂದರೆ ಒಂದು ಇಟ್ಟಿಗೆಯನ್ನೂ ಇಡದೆ ದೊರೆತ 10 ಹಾಸಿಗೆಗಳು. ಆ ಅರ್ಧ ದಿನ ಎಲ್ಲಿ ಹೋಗುತ್ತಿದೆ ಎಂಬುದನ್ನು ಕೇಸ್ ಶೀಟುಗಳೇ ಹೇಳುತ್ತವೆ: ಸಂಜೆ ಬರುವ ರಕ್ತಪರೀಕ್ಷೆಯ ವರದಿ, ತಡವಾಗುವ ವೈದ್ಯರ ವಾರ್ಡ್ ಭೇಟಿ (ರೌಂಡ್ಸ್), ಭಾನುವಾರ ಬಿಡುಗಡೆ ಮಾಡದ ಪದ್ಧತಿ. ಆದರೆ ಸಹಜ ಹೆರಿಗೆಯಾದ ತಾಯಿ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿರಬೇಕು; ಅಂಕಿ ಚೆಂದ ಕಾಣಲೆಂದು ಅದಕ್ಕೆ ಕತ್ತರಿ ಹಾಕುವಂತಿಲ್ಲ. ಒಂದು ತಿಂಗಳ ಲೆಕ್ಕವನ್ನು ನಂಬಿ ಕೂರುವುದೂ ಸರಿಯಲ್ಲ. ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲು, ಬೇಸಿಗೆ, ಮಳೆಗಾಲ ಒಂದೊಂದರಲ್ಲೂ ಬರುವ ರೋಗಿಗಳು ಬೇರೆ, ಕಾಯಿಲೆಗಳು ಬೇರೆ. ಹನ್ನೆರಡು ತಿಂಗಳ ದಾಖಲೆ ಬೇಕು.

ಎರಡನೆಯದು ಹೊರರೋಗಿ ವಿಭಾಗ. ಒಂದು ವಾರ ಓಪಿಡಿ ಚೀಟಿಯ ಮೇಲೆಯೇ ನೋಂದಣಿ, ವೈದ್ಯರ ಭೇಟಿ, ಪ್ರಯೋಗಾಲಯ, ಔಷಧ ವಿತರಣೆ ಈ ನಾಲ್ಕು ಕಡೆ ಸಮಯ ಬರೆಸಿ. ಸರದಿ ಔಷಧ ಕಿಟಕಿಯಲ್ಲಿ ಕಟ್ಟಿಕೊಂಡಿದ್ದರೆ ಇನ್ನೊಂದು ವೈದ್ಯರ ಕೊಠಡಿಯಿಂದ ಪ್ರಯೋಜನವಿಲ್ಲ.

ಯಂತ್ರ ಖರೀದಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಟೆಂಡರಿನಲ್ಲಿ ಕಾಣುವ ಬೆಲೆ ಪೂರ್ಣ ವೆಚ್ಚವಲ್ಲ. ಮೂತ್ರಪಿಂಡ ಸೋತವರ ರಕ್ತ ಶುದ್ಧೀಕರಿಸುವ ಡಯಾಲಿಸಿಸ್ ಯಂತ್ರವನ್ನೇ ನೋಡಿ. ನಿಮಿಷಕ್ಕೆ 500 ಮಿಲಿ ಲೀಟರಿನಂತೆ 4 ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಈ ನೀರನ್ನು ಶುದ್ಧೀಕರಿಸುವ ಆರ್‌ಒ ಘಟಕ ಹೊರಹಾಕುವ ನೀರನ್ನು ಸೇರಿಸಿದರೆ ಮೂಲ ನೀರು ಇನ್ನೂ ಹೆಚ್ಚು ಬೇಕಾಗುತ್ತದೆ. ರಾಯಚೂರು, ಕೊಪ್ಪಳ ಭಾಗದ ಹಲವು ಕೊಳವೆಬಾವಿಗಳ ನೀರು ಗಡಸು, ಕೆಲವೆಡೆ ಫ್ಲೋರೈಡ್ ಅಂಶವೂ ಅಧಿಕ. ಹೀಗಾಗಿ ನೀರಿನ ಮೂಲ, ಆರ್‌ಒ ಘಟಕ, ಅದರ ಸೋಸು ಪೊರೆಯ (ಮೆಂಬ್ರೇನ್) ಬದಲಾವಣೆ, ಜನರೇಟರ್, ವಾರಂಟಿ ಮುಗಿದ ನಂತರದ ನಿರ್ವಹಣಾ ಒಪ್ಪಂದ ಇವೆಲ್ಲದರ ವೆಚ್ಚವನ್ನೂ ಯಂತ್ರದ ಆಯುಷ್ಯದುದ್ದಕ್ಕೂ ಲೆಕ್ಕ ಹಾಕಿ ಅದೇ ಪಟ್ಟಿಯಲ್ಲಿ ನಮೂದಿಸಬೇಕು.

ಬಳಿಕ ಸಿಬ್ಬಂದಿ. ಒಂದು ಸ್ಥಾನದಲ್ಲಿ ಹಗಲೂ ರಾತ್ರಿ ಒಬ್ಬ ಶುಶ್ರೂಷಾಧಿಕಾರಿ ಇರಬೇಕಾದರೆ ವಾರಕ್ಕೆ 168 ಗಂಟೆ. ತಲಾ 48 ಗಂಟೆಯ ಕೆಲಸವೆಂದರೂ ಮೂರೂವರೆ ಮಂದಿ, ರಜೆ ಸೇರಿಸಿದರೆ ನಾಲ್ವರಿಗೂ ಮಿಗಿಲು. ಮಂಜೂರಾದ ಹುದ್ದೆಗಳನ್ನಲ್ಲ, ಭರ್ತಿಯಾದ ಹುದ್ದೆಗಳನ್ನೇ ಎಣಿಸಿ. ಕಟ್ಟಡಕ್ಕೆ ಸಿಕ್ಕಷ್ಟು ಬೇಗ ಹುದ್ದೆಗೆ ಮಂಜೂರಾತಿ ಸಿಗುವುದಿಲ್ಲವಾದ್ದರಿಂದ, ನಡೆಸುವವರಿಲ್ಲದ ತೀವ್ರ ನಿಗಾ ಘಟಕವನ್ನು ಕೇಳುವುದಕ್ಕಿಂತ ಅಂಥ ರೋಗಿಗಳನ್ನು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ಗೆ ಸಾಗಿಸುವ ಆಂಬುಲೆನ್ಸ್ ವ್ಯವಸ್ಥೆಯನ್ನು ಗಟ್ಟಿ ಮಾಡಿಕೊಳ್ಳುವುದೇ ಲೇಸು.

ಕೊನೆಗೆ ಹಣದ ಮೂಲ. ಸಣ್ಣ ದುರಸ್ತಿ, ಟೋಕನ್ ವ್ಯವಸ್ಥೆಯಂಥವುಗಳಿಗೆ ಆರೋಗ್ಯ ರಕ್ಷಾ ಸಮಿತಿಯ ನಿಧಿಯತ್ತ ನೋಡಬಹುದು. ದೊಡ್ಡ ಕಾಮಗಾರಿ, ಯಂತ್ರಗಳನ್ನಷ್ಟೇ ಮಂಡಳಿಗೆ ಬರೆಯಿರಿ. ಖರೀದಿ ನಡೆಯುವುದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಕಾಯ್ದೆಯ ಚೌಕಟ್ಟಿನಲ್ಲಿ. ಆದ್ದರಿಂದ ತಾಂತ್ರಿಕ ವಿವರಣೆಯನ್ನು ಒಂದೇ ಕಂಪನಿಗೆ ಹೊಂದುವಂತೆ ಬರೆಯದೆ, ಬೇಕಾದ ಕೆಲಸವನ್ನು ವಿವರಿಸಿ. ಯಂತ್ರ ಕೆಟ್ಟರೆ ಎಷ್ಟು ಗಂಟೆಯೊಳಗೆ ದುರಸ್ತಿಯಾಗಬೇಕು, ತಪ್ಪಿದರೆ ದಂಡವೆಷ್ಟು ಎಂಬ ಷರತ್ತನ್ನೂ ಸೇರಿಸಿ.