ಹಳೆಯ ಕನ್ನಡ ಚಿತ್ರಗಳ ಡಿಸ್ಕು: ಆರಿಸುವುದು, ಅಳೆಯುವುದು, ಉಳಿಸುವುದು

ತುಮಕೂರಿನ ಪೇಟೆಯಲ್ಲಿ ಒಂದು ಕಾಲಕ್ಕೆ ವಿಸಿಡಿ, ಡಿವಿಡಿ ಮಾರುತ್ತಿದ್ದ ಅಂಗಡಿಗಳಲ್ಲಿ ಈಗ ಮೊಬೈಲ್ ಸಾಮಾನುಗಳು ತೂಗುತ್ತಿವೆ. ಉಳಿದ ಡಿಸ್ಕುಗಳು ಗುಜರಿ ಅಂಗಡಿಯ ಮೂಲೆಯಲ್ಲೋ ಪರಿಚಯದವರ ಮನೆಯ ಅಟ್ಟದ ಮೇಲೋ ಸಿಗುತ್ತವೆ. ಅವುಗಳನ್ನು ಕೂಡಿಡಲು ಹೊರಟವರು ನಾಯಕನಟನ ಹೆಸರನ್ನು ಬಿಟ್ಟು ನಿರ್ದೇಶಕರ ಹೆಸರು ಹಿಡಿದು ಹುಡುಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತಾನಾಗಿಯೇ ಎದುರಿಗೆ ಬರುತ್ತದೆ. ಶ್ರಮ ಪಡಬೇಕಾದದ್ದು ಎನ್. ಲಕ್ಷ್ಮೀನಾರಾಯಣರಂಥವರ ಚಿತ್ರಗಳಿಗಾಗಿ. ಕಿವಿ ಕೇಳದವರ ಬದುಕನ್ನು ಕಥೆಯ ನಡುವೆ ತಂದ 1964ರ ‘ನಾಂದಿ’ಯಲ್ಲಿ ರಾಜಕುಮಾರ್ ಅವರೇ ನಟಿಸಿದ್ದರೂ ಅಭಿಮಾನಿಗಳ ಮಾತಿನಲ್ಲಿ ಅದರ ಹೆಸರು ಬರುವುದು ಅಪರೂಪ. ತೇಜಸ್ವಿಯವರ ಕಥೆಯಿಂದ ಲಕ್ಷ್ಮೀನಾರಾಯಣರು 1973ರಲ್ಲಿ ಮಾಡಿದ ‘ಅಬಚೂರಿನ ಪೋಸ್ಟಾಫೀಸು’ ಚಿತ್ರವನ್ನಂತೂ ಕಥೆ ಓದಿದವರೂ ನೋಡಿರುವುದಿಲ್ಲ. ಇಂಥ ಡಿಸ್ಕು ಕಂಡರೆ ಚೌಕಾಸಿ ಮಾಡದೆ ಕೊಳ್ಳಿ.

ಕೊಂಡ ಮೇಲೆ ಮೊದಲು ಮಾಡಬೇಕಾದ ಕೆಲಸ ಚಿತ್ರ ಪೂರ್ತಿಯಾಗಿದೆಯೇ ಎಂದು ಅಳೆಯುವುದು. ಒಂದು ವಿಸಿಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ. ಆದ್ದರಿಂದ ಮೂರು ಗಂಟೆಯ ಚಿತ್ರಕ್ಕೆ ಮೂರು ಡಿಸ್ಕು ಬೇಕೇ ಬೇಕು. ಅದು ಎರಡೇ ಡಿಸ್ಕಿನಲ್ಲಿ ಬಂದಿದ್ದರೆ ಕತ್ತರಿ ಬಿದ್ದಿದೆಯೆಂದೇ ಅರ್ಥ. ಅನುಮಾನವಿದ್ದಾಗ ಚಿತ್ರದ ಆರಂಭದಲ್ಲಿ ಕಾಣುವ ಸೆನ್ಸಾರ್ ಪ್ರಮಾಣಪತ್ರದ ಮೇಲೆ ಪರದೆಯನ್ನು ನಿಲ್ಲಿಸಿ, ಅಲ್ಲಿ ಬರೆದಿರುವ ಉದ್ದವನ್ನು ಗುರುತು ಮಾಡಿಕೊಳ್ಳಿ. 35 ಮಿಲಿಮೀಟರ್ ಫಿಲಂ ಒಂದು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. ಪ್ರಮಾಣಪತ್ರದಲ್ಲಿ 4000 ಮೀಟರ್ ಎಂದಿದ್ದರೆ ಅದನ್ನು 27.4ರಿಂದ ಭಾಗಿಸಿದಾಗ 146 ನಿಮಿಷ ಬರುತ್ತದೆ. ಆದರೆ ಡಿಸ್ಕು 140 ನಿಮಿಷ ತೋರಿಸಿದ ಮಾತ್ರಕ್ಕೆ ದೂರಬೇಡಿ. ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಿದರೆ ನಮ್ಮ ಟಿವಿಗಳ ಪಾಲ್ (PAL) ಪದ್ಧತಿಯ ಡಿಸ್ಕು 25ರಂತೆ ಓಡುವುದರಿಂದ ಶೇಕಡ ನಾಲ್ಕರಷ್ಟು ಸಮಯ ತಾನಾಗಿಯೇ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಹಾಡೋ ದೃಶ್ಯವೋ ಹೋಗಿದೆ. ಹೀಗೆ ಲೆಕ್ಕ ಹಾಕಿದಾಗಲೇ ನಾನು ವರ್ಷಗಳಿಂದ ಪೂರ್ತಿಯೆಂದು ನಂಬಿದ್ದ ಒಂದು ಡಿಸ್ಕಿನಲ್ಲಿ ಹದಿನೆಂಟು ನಿಮಿಷ ಇಲ್ಲದಿರುವುದು ತಿಳಿದದ್ದು. ಅದು ನನಗೆ ನಿಜಕ್ಕೂ ನೋವಿನ ಸಂಗತಿಯಾಗಿತ್ತು.

ಮೂರು ಚಿತ್ರಗಳನ್ನು ಒಂದೇ ಡಿವಿಡಿಯಲ್ಲಿ ತುಂಬಿದ ಅಗ್ಗದ ಡಿಸ್ಕುಗಳನ್ನು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ತೆಗೆದುಕೊಳ್ಳಿ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಜಾಗವಿದ್ದು, ಅದನ್ನು ಮೂರು ಚಿತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಉಳಿಯುವ ಮಾಹಿತಿ ತೀರ ಕಡಿಮೆ. ಗಿರೀಶ ಕಾಸರವಳ್ಳಿಯವರ 2002ರ ‘ದ್ವೀಪ’ದಂಥ ಚಿತ್ರಕ್ಕೆ ಇದರಿಂದ ಆಗುವ ಅನ್ಯಾಯ ದೊಡ್ಡದು. ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯ ನಟಿ ಸೌಂದರ್ಯ ತಾವೇ ನಿರ್ಮಿಸಿ, ನಟಿಸಿದ ಆ ಚಿತ್ರದಲ್ಲಿ ಮಳೆ, ಏರುವ ನೀರು ಮತ್ತು ಮೋಡದ ಬೆಳಕೇ ಅರ್ಧ ಕಥೆ ಹೇಳುತ್ತವೆ. ಅದರ ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ. ಮಾಹಿತಿ ಕಡಿಮೆಯಾದ ಡಿಸ್ಕಿನಲ್ಲಿ ಸುರಿಯುವ ಮಳೆಯೆಲ್ಲ ಬೂದು ಬಣ್ಣದ ಚೌಕಗಳಾಗಿ ಒಡೆಯುತ್ತದೆ.

ನೋಡುವಾಗ ಟಿವಿಯ ಚಿತ್ರದ ಅಳತೆಯನ್ನೂ ಸರಿಪಡಿಸಿಕೊಳ್ಳಬೇಕು. ಗುಬ್ಬಿ ವೀರಣ್ಣನವರ ಸಂಸ್ಥೆ ಪಾಲುಗೊಂಡು ನಿರ್ಮಿಸಿದ 1954ರ ‘ಬೇಡರ ಕಣ್ಣಪ್ಪ’ದಂಥ ಹಳೆಯ ಚಿತ್ರಗಳ ಚೌಕಟ್ಟು ಇಂದಿನ ಟಿವಿಯಷ್ಟು ಅಗಲವಿಲ್ಲ. ಪರದೆ ತುಂಬಲೆಂದು ಎಳೆದರೆ ಮುಖಗಳು ಉಬ್ಬುತ್ತವೆ. 4:3 ಎಂದು ಇಟ್ಟು, ಎರಡೂ ಬದಿಯ ಕಪ್ಪು ಪಟ್ಟಿಯನ್ನು ಸಹಿಸಿಕೊಳ್ಳಿ.

ಡಿಸ್ಕನ್ನು ಒರೆಸುವಾಗ ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕೇ ಹೊರತು ಸುತ್ತಲೂ ತಿರುಗಿಸಿ ಉಜ್ಜಬಾರದು, ಏಕೆಂದರೆ ಸುತ್ತು ಗೀರು ಮಾಹಿತಿಯ ಸಾಲಿನುದ್ದಕ್ಕೂ ಬೀಳುವುದರಿಂದ ಯಂತ್ರಕ್ಕೆ ಅದನ್ನು ದಾಟಿ ಓದಲು ಆಗುವುದಿಲ್ಲ. ಅಂಟಿನ ಚೀಟಿ ಹಚ್ಚಬೇಡಿ. ಬಿಸಿಲು ಬೀಳದ ಕಪಾಟಿನಲ್ಲಿ ಪುಸ್ತಕದಂತೆ ನಿಲ್ಲಿಸಿಡಿ.

ಕೊನೆಯದಾಗಿ, ನಿಮ್ಮ ಬಳಕೆಗೆಂದು ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದಿಡಿ. ವಿಸಿಡಿಯಾದರೆ ಚಿತ್ರವಿರುವುದು ಎಂಪೆಗ್‌ಎವಿ (MPEGAV) ಎಂಬ ಫೋಲ್ಡರಿನ ಡ್ಯಾಟ್ (.dat) ಫೈಲುಗಳಲ್ಲಿ. ಅವನ್ನು ವಿಎಲ್‌ಸಿ ಎಂಬ ವಿಡಿಯೋ ತಂತ್ರಾಂಶ ನೇರವಾಗಿ ತೋರಿಸುತ್ತದೆ. ಗೀರು ಬಿದ್ದ ಡಿವಿಡಿಯ ಪ್ರತಿ ನಡುವೆ ನಿಂತರೆ ಡಿಡಿರೆಸ್ಕ್ಯೂ (ddrescue) ಎಂಬ ಉಚಿತ ತಂತ್ರಾಂಶವನ್ನು ಬಳಸಿ. ಅದು ಓದಲಾಗುವ ಭಾಗವನ್ನೆಲ್ಲ ಮೊದಲು ತೆಗೆದುಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಮರಳುತ್ತದೆ. ಒಂದು ರಾತ್ರಿಯೆಲ್ಲ ಹಿಡಿದರೂ ಬಿಡಿ, ನಿಲ್ಲಿಸಬೇಡಿ. ಎರಡನೆಯ ಪ್ರತಿಯನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ ಇಡಿ. ಪ್ರತಿಯ ಹೆಸರಿನಲ್ಲಿ ಚಿತ್ರ, ವರ್ಷ, ನಿರ್ದೇಶಕರ ಜೊತೆಗೆ ನೀವು ಅಳೆದ ನಿಮಿಷಗಳನ್ನೂ ಸೇರಿಸಿ. ಮುಂದೆ ಅದೇ ಚಿತ್ರದ ಇನ್ನೊಂದು ಡಿಸ್ಕು ಸಿಕ್ಕಾಗ ಯಾವುದು ಉದ್ದವೆಂದು ಅಂಗಡಿಯಲ್ಲೇ ನಿಂತು ತಿಳಿಯಬಹುದು.