ಆತಂಕದ ಮಾತ್ರೆಯ ಡೋಸ್ ಹೆಚ್ಚಿದಾಗ: ಮೊದಲ ಎರಡು ವಾರ ದಾಟುವುದು ಹೇಗೆ?

ಮನೋವೈದ್ಯರು ಎಸ್ಸಿಟಾಲೋಪ್ರಾಮ್ ಮಾತ್ರೆಯನ್ನು 10 ಮಿಲಿಗ್ರಾಂನಿಂದ 15ಕ್ಕೋ 20ಕ್ಕೋ ಏರಿಸಿದ್ದಾರೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆ, ಅಂಗೈ ಬೆವರುತ್ತದೆ. ಯಾವ ಗಾಬರಿ ಕಡಿಮೆಯಾಗಲೆಂದು ಮಾತ್ರೆ ನುಂಗಿದ್ದೋ ಅದೇ ಗಾಬರಿ ಇನ್ನಷ್ಟು ಜೋರಾದಂತೆ ಅನಿಸುತ್ತದೆ. ಎಷ್ಟೋ ಜನ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವುದು ಈ ಹಂತದಲ್ಲೇ. ಇನ್ನು ಕೆಲವರು ಹಲ್ಲು ಕಚ್ಚಿ ಎಲ್ಲವನ್ನೂ ಸಹಿಸುತ್ತಾರೆ, ಸಹಿಸಬಾರದ ಲಕ್ಷಣವನ್ನೂ ಸಹಿಸುತ್ತಾರೆ. ಎರಡೂ ಬೇಡ. ಈ ಅವಧಿಯನ್ನು ವೈದ್ಯರ ಜೊತೆ ಮೊದಲೇ ಯೋಜಿಸಿಕೊಂಡು ದಾಟಬಹುದು.

ಹೀಗಾಗಲು ಕಾರಣವಿದೆ. ಎಸ್ಸಿಟಾಲೋಪ್ರಾಮ್‌ನ ಅರ್ಧದಷ್ಟು ಅಂಶ ದೇಹದಿಂದ ಹೊರಹೋಗಲು ಸುಮಾರು 30 ಗಂಟೆ ಬೇಕು. ಹಾಗಾಗಿ ಹೊಸ ಡೋಸ್ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಸುಮಾರು ಒಂದು ವಾರ ಹಿಡಿಯುತ್ತದೆ. ಅಡ್ಡಪರಿಣಾಮಗಳು ಆ ವಾರದಲ್ಲೇ ತಲೆ ಎತ್ತುತ್ತವೆ. ಆತಂಕ ಇಳಿಯುವುದು ಮಾತ್ರ ನಿಧಾನ: ಎರಡರಿಂದ ನಾಲ್ಕು ವಾರದಲ್ಲಿ ಸ್ವಲ್ಪ ಹಗುರವೆನಿಸಬಹುದು, ಪೂರ್ತಿ ಫಲ ಕಾಣಲು ಆರರಿಂದ ಎಂಟು ವಾರ, ಕೆಲವರಿಗೆ ಅದಕ್ಕೂ ಹೆಚ್ಚು ಸಮಯ ಬೇಕಾಗುತ್ತದೆ. ಕಷ್ಟ ಮೊದಲು, ಗುಣ ಆಮೇಲೆ. ಸರ್ಟ್ರಲಿನ್, ಪರಾಕ್ಸೆಟಿನ್ ಮುಂತಾದ ಇದೇ ಗುಂಪಿನ ಮಾತ್ರೆಗಳಲ್ಲೂ ಹೆಚ್ಚು ಕಡಿಮೆ ಇದೇ ಕಥೆ.

ಹಂತ 1: ಡೋಸ್ ಏರಿಸುವ ಮೊದಲೇ ಮಾತನಾಡಿ

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಹಂತ ಇದು. ಜನ ತಪ್ಪಿಸುವುದೂ ಇದನ್ನೇ. ಹೊರಗೆ ರೋಗಿಗಳ ಸಾಲು ಕಾಯುತ್ತಿದೆ, ವೈದ್ಯರಿಗೆ ಪುರುಸೊತ್ತಿಲ್ಲ, ಇನ್ನೇನು ಕೇಳುವುದು ಎಂದು ಚೀಟಿ ಹಿಡಿದು ಎದ್ದು ಬರುತ್ತೇವೆ. ಚಿಕಿತ್ಸೆಯ ಬಗ್ಗೆಯೂ ಅದರ ತಿಳಿದಿರುವ ಅಡ್ಡಪರಿಣಾಮಗಳ ಬಗ್ಗೆಯೂ ಮಾಹಿತಿ ಪಡೆಯುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕೊಟ್ಟಿರುವ ಹಕ್ಕು. ಸಂಕೋಚ ಬೇಡ, ಕೇಳಿ.

ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿನೋವು, ಗ್ಯಾಸ್ಟ್ರಿಕ್, ಆಯುರ್ವೇದ, ಕೆಮ್ಮಿನ ಸಿರಪ್, ಯಾವುದನ್ನೂ ಬಿಡಬೇಡಿ. ಗರ್ಭಿಣಿಯಾಗಿದ್ದರೆ, ಹಾಲುಣಿಸುತ್ತಿದ್ದರೆ, ಹೃದಯದ ಬಡಿತದ ತೊಂದರೆಯಿದ್ದರೆ, ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಉನ್ಮಾದ, ಖಿನ್ನತೆ ಬದಲಾಗಿ ಬರುವ ಕಾಯಿಲೆ) ಇದ್ದರೆ ಅದನ್ನೂ ಹೇಳಿ. ಎಸ್ಸಿಟಾಲೋಪ್ರಾಮ್‌ನ ಗರಿಷ್ಠ ಡೋಸ್ ದಿನಕ್ಕೆ 20 ಮಿಲಿಗ್ರಾಂ. ವಯಸ್ಸಾದವರಿಗೆ ಸಾಮಾನ್ಯವಾಗಿ 10 ಮಿಲಿಗ್ರಾಂ ದಾಟಿಸುವುದಿಲ್ಲ. ಹೆಚ್ಚಿನ ಡೋಸ್ ಹೃದಯದ ವಿದ್ಯುತ್ ಲಯದ ಮೇಲೆ ಪರಿಣಾಮ ಬೀರಬಲ್ಲದು. ಹಾಗಾಗಿ ಕೆಲವರಿಗೆ ಇಸಿಜಿ ಮಾಡಿಸಲು ಹೇಳುತ್ತಾರೆ.

ಹಿಂದಿನ ಸಲ ಮಾತ್ರೆ ಶುರು ಮಾಡಿದಾಗಲೇ ಬಹಳ ತೊಂದರೆಯಾಗಿದ್ದರೆ, ಒಮ್ಮೆಲೇ ದುಪ್ಪಟ್ಟು ಮಾಡುವ ಬದಲು ನಡುವೆ ಒಂದು ಮೆಟ್ಟಿಲು ಸಾಧ್ಯವೇ ಎಂದು ಕೇಳಿ. ಪ್ಯಾನಿಕ್ ತೊಂದರೆ ಇರುವವರ ದೇಹ ಈ ಮಾತ್ರೆಗಳಿಗೆ ಮೊದಮೊದಲು ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ಅವರಿಗೆ ಕಡಿಮೆ ಡೋಸ್‌ನಿಂದ ಆರಂಭಿಸಿ ಮೆಲ್ಲಗೆ ಏರಿಸುವುದು ರೂಢಿಯಲ್ಲಿರುವ ಕ್ರಮವೇ.

ಇನ್ನೊಂದು ಸಂಗತಿಯನ್ನು ತಪ್ಪದೆ ನೋಡಿ. ನಮ್ಮಲ್ಲಿ ಎಸ್ಸಿಟಾಲೋಪ್ರಾಮ್ ಮತ್ತು ಕ್ಲೊನಾಜೆಪಾಮ್ ಎರಡನ್ನೂ ಸೇರಿಸಿದ ಮಾತ್ರೆಗಳು ಧಾರಾಳವಾಗಿ ಸಿಗುತ್ತವೆ. ಹೆಸರಿನ ಕೊನೆಯಲ್ಲಿ ‘ಪ್ಲಸ್’ ಎಂದೋ ಬೇರೊಂದು ಅಕ್ಷರವೋ ಇರಬಹುದು. ಅಂಥ ಮಾತ್ರೆಯನ್ನು ಒಂದರ ಬದಲು ಎರಡು ನುಂಗಿದರೆ ಕ್ಲೊನಾಜೆಪಾಮ್ ಕೂಡ ದುಪ್ಪಟ್ಟಾಗುತ್ತದೆ. ಅದು ಮಂಪರು ತರುವ, ಕೆಲವು ವಾರಗಳಲ್ಲೇ ಅಭ್ಯಾಸವಾಗಬಲ್ಲ ಔಷಧ. ಹಾಳೆಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ, ಯಾವುದು ಎಷ್ಟು ಏರುತ್ತಿದೆ ಎಂದು ವೈದ್ಯರಿಂದಲೇ ಖಚಿತಪಡಿಸಿಕೊಳ್ಳಿ.

ಹಂತ 2: ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ

ಮಗಳ ಮದುವೆಯ ವಾರ, ಪರೀಕ್ಷೆಯ ಹಿಂದಿನ ದಿನ, ದೂರದ ಪ್ರಯಾಣದ ಆರಂಭ ಇವೆಲ್ಲ ಡೋಸ್ ಏರಿಸಲು ಒಳ್ಳೆಯ ಹೊತ್ತಲ್ಲ. ಎರಡು ಮೂರು ದಿನ ಹಿಂದೆ ಮುಂದೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮಾತ್ರೆಯಿಂದ ನಿದ್ದೆ ಕೆಡುತ್ತಿದ್ದರೆ ಬೆಳಗಿನ ತಿಂಡಿಯ ನಂತರ, ತೂಕಡಿಕೆ ಬರುತ್ತಿದ್ದರೆ ರಾತ್ರಿ ತೆಗೆದುಕೊಳ್ಳುವುದು ವಾಡಿಕೆ. ಹೊತ್ತು ಬದಲಿಸುವುದನ್ನೂ ವೈದ್ಯರಿಗೆ ತಿಳಿಸಿಯೇ ಮಾಡಿ. ಹೊಸ ಡೋಸ್ ನಿಮಗೆ ಹೇಗೆ ಒಗ್ಗುತ್ತದೆ ಎಂದು ಗೊತ್ತಾಗುವವರೆಗೆ ಬೈಕ್, ಕಾರು, ಯಂತ್ರಗಳಿಂದ ದೂರವಿರಿ.

ಹಂತ 3: ಹೊಟ್ಟೆಯನ್ನು ಸಂಭಾಳಿಸಿ, ಮೆಡಿಕಲ್ ಅಂಗಡಿಗೆ ಓಡಬೇಡಿ

ಈ ಮಾತ್ರೆಗಳು ಕೆಲಸ ಮಾಡುವುದು ಸೆರೊಟೋನಿನ್ ಎಂಬ ನರಸಂದೇಶ ಒಯ್ಯುವ ರಾಸಾಯನಿಕದ ಮೇಲೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಇರುವುದು ಮಿದುಳಿನಲ್ಲಿ ಅಲ್ಲ, ಜೀರ್ಣಾಂಗಗಳಲ್ಲಿ. ಮಾತ್ರೆ ಹೊಟ್ಟೆಯನ್ನು ಮೊದಲು ಅಲುಗಾಡಿಸುವುದು ಇದರಿಂದಲೇ. ವಾಕರಿಕೆ, ಸಡಿಲ ಭೇದಿ, ಹಸಿವಿಲ್ಲದಿರುವುದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತವೆ.

ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಲೇಬೇಕೆಂದೇನೂ ಇಲ್ಲ. ಏನಾದರೂ ತಿಂದು ನುಂಗಿ. ಇಡ್ಲಿ, ರಾಗಿ ಗಂಜಿ, ಮೊಸರನ್ನ, ಮೆತ್ತಗಿನ ಅನ್ನ ತಿಳಿಸಾರು, ಹೀಗೆ ಸಪ್ಪೆಯಾದದ್ದನ್ನು ಸ್ವಲ್ಪ ಸ್ವಲ್ಪವೇ ದಿನಕ್ಕೆ ನಾಲ್ಕೈದು ಸಲ ತಿನ್ನಿ. ಕರಿದದ್ದನ್ನೂ ಖಾರವನ್ನೂ ಸದ್ಯಕ್ಕೆ ಬಿಡಿ. ಭೇದಿ ಇದ್ದರೆ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕುಡಿಯಿರಿ. ಬಾಯಿ ಒಣಗಿದರೆ ಆಗಾಗ ನೀರು ಗುಟುಕರಿಸಿ.

ಈಗ ಒಂದು ಎಚ್ಚರಿಕೆ. ಹೊಟ್ಟೆ ತೊಳಸಿದ ಕೂಡಲೇ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ನಮ್ಮ ಮನೆಮನೆಯಲ್ಲಿದೆ. ಒಮೆಪ್ರಜೋಲ್ ಎಂಬ ಗ್ಯಾಸ್ಟ್ರಿಕ್ ಮಾತ್ರೆಯು ದೇಹ ಎಸ್ಸಿಟಾಲೋಪ್ರಾಮ್ ಅನ್ನು ಒಡೆದು ಹೊರಹಾಕುವುದನ್ನು ನಿಧಾನಗೊಳಿಸಿ, ರಕ್ತದಲ್ಲಿ ಅದರ ಮಟ್ಟವನ್ನು ಸುಮಾರು ಅರ್ಧದಷ್ಟು ಹೆಚ್ಚಿಸಬಲ್ಲದು. ವೈದ್ಯರು ಏರಿಸಿದ್ದು ಒಂದು ಅಳತೆ, ನೀವು ಗೊತ್ತಿಲ್ಲದೆ ಏರಿಸಿಕೊಂಡದ್ದು ಇನ್ನೊಂದು! ವಾಕರಿಕೆಗೆ ಕೊಡುವ ಡೊಂಪೆರಿಡೋನ್, ಒಂಡಾನ್ಸೆಟ್ರಾನ್ ಇವೂ ಎಸ್ಸಿಟಾಲೋಪ್ರಾಮ್‌ನಂತೆ ಹೃದಯದ ಲಯವನ್ನು ತಟ್ಟುವಂಥವು. ಎಷ್ಟೋ ಗ್ಯಾಸ್ಟ್ರಿಕ್ ಮಾತ್ರೆಗಳಲ್ಲಿ ಡೊಂಪೆರಿಡೋನ್ ಬೆರೆತೇ ಇರುತ್ತದೆ. ವೈದ್ಯರು ತಿಳಿದು ಬರೆದುಕೊಟ್ಟರೆ ಅದು ಬೇರೆ ಮಾತು.

ತಲೆನೋವಿಗೂ ಇದೇ ವಿವೇಕ ಬೇಕು. ಯಕೃತ್ತಿನ ತೊಂದರೆ ಇಲ್ಲದವರಿಗೆ ಸರಿಯಾದ ಅಳತೆಯ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವು ಎಸ್ಸಿಟಾಲೋಪ್ರಾಮ್ ಜೊತೆಗೂಡಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಹೃದಯಕ್ಕೆಂದು ವೈದ್ಯರೇ ಆಸ್ಪಿರಿನ್ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಇಬ್ಬರು ವೈದ್ಯರಿಗೂ ವಿಷಯ ತಿಳಿಸಿ. ಟ್ರಮಡಾಲ್ ಎಂಬ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಒಣಕೆಮ್ಮಿನ ಸಿರಪ್ ಇವನ್ನು ಕೇಳದೆ ಮುಟ್ಟಬೇಡಿ.

ಹಂತ 4: ಹೆಚ್ಚಿದ ಗಾಬರಿ, ಕೆಟ್ಟ ನಿದ್ದೆ

ಆತಂಕದವರಿಗೆ ಹೆದರಿಕೆ ಹುಟ್ಟಿಸುವುದು ಇದೇ. ಎದೆ ಡವಗುಟ್ಟಿದರೆ ‘ಕಾಯಿಲೆ ಉಲ್ಬಣಿಸಿತು’ ಎಂಬ ಯೋಚನೆ, ಆ ಯೋಚನೆಯಿಂದ ಇನ್ನೂ ಡವಡವ. ಡೋಸ್ ಏರಿದ ಮೊದಲ ದಿನಗಳಲ್ಲಿ ಹೀಗಾಗುವುದುಂಟು, ಇದು ಸಾಮಾನ್ಯವಾಗಿ ತಾತ್ಕಾಲಿಕ ಎಂದು ಗೊತ್ತಿದ್ದರೆ ಆ ಸುಳಿಗೆ ಅರ್ಧ ಬಲ ಹೋಗುತ್ತದೆ. ಒಂದು ಕಾಗದದಲ್ಲಿ ‘ಡೋಸ್ ಏರಿಸಿದ್ದು ಇಂಥ ದಿನ, ಇದು ಔಷಧದ ಪರಿಣಾಮ ಇರಬಹುದು’ ಎಂದು ಬರೆದು ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳಿ. ನಡುರಾತ್ರಿ ತರ್ಕ ಕೈಕೊಟ್ಟಾಗ ಕಾಗದ ನೆರವಿಗೆ ಬರುತ್ತದೆ. ಉಸಿರನ್ನು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಿ, ಐದು ನಿಮಿಷ ಹೀಗೆ ಮಾಡಿ ನೋಡಿ. ಬೆಳಗಿನ ನಡಿಗೆಯನ್ನು ಬಿಡಬೇಡಿ.

ಫಿಲ್ಟರ್ ಕಾಫಿ ಪ್ರಿಯರಿಗೆ ಹೇಳಲೇಬೇಕು: ಕೆಫೀನ್ ಕೂಡ ಎದೆ ಬಡಿತ, ಕೈನಡುಕ, ನಿದ್ದೆಗೇಡು ತರುತ್ತದೆ. ಬೆಳಿಗ್ಗೆ ಒಂದು ಲೋಟ ಇರಲಿ, ಮಧ್ಯಾಹ್ನದ ನಂತರ ಬೇಡ. ಆದರೆ ದಿನಕ್ಕೆ ಐದಾರು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಅದರಿಂದಲೇ ತಲೆನೋವು ಬರುತ್ತದೆ, ಮೆಲ್ಲಗೆ ಇಳಿಸಿ. ಮದ್ಯ ಬೇಡ. ಒಂದು ರಾತ್ರಿ ಮಂಪರು ಕೊಟ್ಟು, ನಡುರಾತ್ರಿ ಎಬ್ಬಿಸಿ, ಮರುದಿನದ ಆತಂಕವನ್ನು ಹೆಚ್ಚಿಸುವುದೇ ಅದರ ಕೆಲಸ.

ಮೊದಲ ಕೆಲವು ದಿನಗಳಿಗೆಂದು ವೈದ್ಯರು ಕ್ಲೊನಾಜೆಪಾಮ್ ಕೊಟ್ಟರೆ ಎಷ್ಟು ದಿನ, ಹೇಗೆ ಇಳಿಸಬೇಕು ಎಂದು ಅಂದೇ ಕೇಳಿ ಬರೆದುಕೊಳ್ಳಿ. ಈಗಾಗಲೇ ವಾರಗಟ್ಟಲೆ ತೆಗೆದುಕೊಂಡಿದ್ದರೆ ನೀವಾಗಿ ಒಂದೇ ಸಲ ಬಿಡಬೇಡಿ. ಎದೆ ಬಡಿತಕ್ಕೆ ಪ್ರೊಪ್ರನೊಲಾಲ್ ಕೊಡುವುದುಂಟು, ಆದರೆ ಅಸ್ತಮಾ ಇರುವವರಿಗೆ ಅದು ಅಪಾಯ. ಅಕ್ಕಪಕ್ಕದವರ ಮಾತ್ರೆಯನ್ನು ಕೇಳಿ ಪಡೆಯುವುದು ಎಂದಿಗೂ ಬೇಡ.

ಇಲ್ಲಿ ಒಂದು ಲಕ್ಷಣವನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ, ಕಾಲುಗಳು ತಾವಾಗಿಯೇ ಅತ್ತಿತ್ತ ಓಡಾಡಿಸುವಂಥ ಒಳಗಿನ ಚಡಪಡಿಕೆ ಇದ್ದರೆ ಅದನ್ನು ಮಾಮೂಲಿ ಆತಂಕ ಎಂದು ತಳ್ಳಿಹಾಕಬೇಡಿ. ಅದು ಬಹಳ ಯಾತನೆ ಕೊಡುವ ಅಡ್ಡಪರಿಣಾಮ, ಕಾಯುವಂಥದ್ದಲ್ಲ. ಅಂದೇ ವೈದ್ಯರಿಗೆ ಫೋನ್ ಮಾಡಿ.

ಹಂತ 5: ದಿನಕ್ಕೆ ಮೂರು ಸಾಲು ಬರೆಯಿರಿ

ಮಾತ್ರೆ ತೆಗೆದುಕೊಂಡ ಸಮಯ, ಅಂದಿನ ತೊಂದರೆ, ನಿದ್ದೆಯ ಗಂಟೆಗಳು. ತೊಂದರೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಇಷ್ಟು ಸಾಕು, ಹೆಚ್ಚು ಬರೆಯಹೊರಟರೆ ಇಡೀ ದಿನ ಮೈಯನ್ನೇ ಕಾಯುವಂತಾಗುತ್ತದೆ. ಅಂಕ ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದೇ ವೈದ್ಯರಿಗೆ ಬೇಕಾದ ಸುದ್ದಿ.

ಹಂತ 6: ಕಾಯಬಾರದ ಲಕ್ಷಣಗಳನ್ನು ಮನೆಯವರಿಗೂ ತಿಳಿಸಿ

ಬದುಕು ಬೇಡ ಎನಿಸುವುದು, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ, ಹಿಂದೆಂದೂ ಇರದ ಸಿಟ್ಟು ಉದ್ರೇಕ ಕಂಡರೆ ತಕ್ಷಣ ಹೇಳಬೇಕು. 25 ವರ್ಷದೊಳಗಿನವರಲ್ಲಿ, ಅದರಲ್ಲೂ ಮಾತ್ರೆ ಶುರುವಾದಾಗ ಮತ್ತು ಡೋಸ್ ಬದಲಾದಾಗ, ಇದರ ಬಗ್ಗೆ ವಿಶೇಷ ನಿಗಾ ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಇಂಥ ಮಾತ್ರೆಗಳ ಮೇಲೆ ಎಚ್ಚರಿಕೆ ಮುದ್ರಿಸಲು ಆದೇಶಿಸಿತು, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಮನೆಯವರು ‘ಹಾಗೆಲ್ಲ ಮಾತನಾಡಬೇಡ’ ಎಂದು ಬಾಯಿ ಮುಚ್ಚಿಸದೆ ಪಕ್ಕದಲ್ಲಿ ಕೂತು ಕೇಳಬೇಕು, ಒಬ್ಬರನ್ನೇ ಬಿಡಬಾರದು, ಮಾತ್ರೆಗಳ ಹಾಳೆಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅಪಾಯ ಕಣ್ಣೆದುರಿಗಿದ್ದರೆ 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಜ್ವರ, ವಿಪರೀತ ಬೆವರು, ಮೈ ನಡುಕ, ಸ್ನಾಯುಗಳ ಸೆಟೆತ ಅಥವಾ ಜಗ್ಗುವಿಕೆ, ಗೊಂದಲ, ಭೇದಿ ಒಟ್ಟಿಗೆ ಕಾಣಿಸಿದರೆ ಅದು ಸೆರೊಟೋನಿನ್ ಮಿತಿಮೀರಿದ ಸೂಚನೆ ಇರಬಹುದು. ಇದು ಸಾಮಾನ್ಯವಾಗಿ ಡೋಸ್ ಏರಿದ ಅಥವಾ ಹೊಸ ಔಷಧ ಸೇರಿದ ಒಂದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ನೇರ ಆಸ್ಪತ್ರೆಗೆ ಹೋಗಿ. ಮೂರ್ಛೆ, ಫಿಟ್ಸ್, ಕಪ್ಪು ಮಲ, ಮುಖ ಊದಿಕೊಂಡು ಉಸಿರು ಕಟ್ಟುವುದು, ಕಣ್ಣುನೋವಿನೊಂದಿಗೆ ದೃಷ್ಟಿ ಮಸುಕಾಗುವುದು ಇವೂ ತುರ್ತೇ.

ಅಜ್ಜ ಅಜ್ಜಿಯಂದಿರಲ್ಲಿ, ಅದರಲ್ಲೂ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ, ರಕ್ತದ ಸೋಡಿಯಂ ಕುಸಿಯಬಹುದು. ಇದ್ದಕ್ಕಿದ್ದಂತೆ ನಿಶ್ಶಕ್ತಿ, ತಡವರಿಕೆ, ಮಾತಿನಲ್ಲಿ ಗೊಂದಲ ಕಂಡರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ರಕ್ತ ಪರೀಕ್ಷೆ ಮಾಡಿಸಿ. ಇದಕ್ಕೆ ತದ್ವಿರುದ್ಧವಾಗಿ, ಎರಡು ಗಂಟೆ ಮಲಗಿದರೂ ಆಯಾಸವಿಲ್ಲ, ಮಾತು ನಿಲ್ಲುವುದಿಲ್ಲ, ಹಣ ನೀರಿನಂತೆ ಖರ್ಚಾಗುತ್ತಿದೆ ಎಂದಾದರೆ ಅದನ್ನು ಚೇತರಿಕೆ ಎಂದುಕೊಳ್ಳಬೇಡಿ. ಅದು ಉನ್ಮಾದದ ಆರಂಭವಿರಬಹುದು, ವೈದ್ಯರಿಗೆ ತಿಳಿಯಬೇಕು.

ಹಂತ 7: ಮರೆತರೆ, ಬಿಡಬೇಕೆನಿಸಿದರೆ

ಮರೆತದ್ದು ಅಂದೇ ನೆನಪಾದರೆ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರವಾಗಿದ್ದರೆ ಹಿಂದಿನದನ್ನು ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಹಠಾತ್ತಾಗಿ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಅದನ್ನು ಕಾಯಿಲೆ ಮರುಕಳಿಸಿತೆಂದು ತಪ್ಪು ತಿಳಿಯುವವರೇ ಹೆಚ್ಚು. ಅಡ್ಡಪರಿಣಾಮ ಸಹಿಸಲಾಗದಿದ್ದರೆ ಫೋನ್ ಮಾಡಿ ‘ಹಿಂದಿನ ಡೋಸ್‌ಗೆ ಮರಳಲೇ?’ ಎಂದು ಕೇಳಿ. ಪೂರ್ತಿ ಬಿಡುವುದೊಂದೇ ದಾರಿಯಲ್ಲ.

ಹಂತ 8: ಮರುಭೇಟಿಯಲ್ಲಿ ಮುಚ್ಚಿಡಬೇಡಿ

ವಾಕರಿಕೆಯನ್ನು ಹೇಳುತ್ತೇವೆ, ಲೈಂಗಿಕ ತೊಂದರೆಯನ್ನು ಹೇಳುವುದಿಲ್ಲ. ಆಸಕ್ತಿ ಕುಗ್ಗುವುದು, ಸ್ಖಲನ ಅಥವಾ ಸುಖದ ತುದಿ ತಡವಾಗುವುದು ಈ ಮಾತ್ರೆಗಳ ಬಹಳ ಸಾಮಾನ್ಯ ಅಡ್ಡಪರಿಣಾಮ. ಹೆಂಗಸರಿಗೂ ಗಂಡಸರಿಗೂ ಆಗುತ್ತದೆ, ಡೋಸ್ ಹೆಚ್ಚಿದಂತೆ ಹೆಚ್ಚಬಹುದು, ವಾಕರಿಕೆಯಂತೆ ಎರಡು ವಾರದಲ್ಲಿ ತಾನಾಗಿ ಹೋಗುವುದು ಕಡಿಮೆ. ಇದನ್ನು ಹೇಳಿಕೊಳ್ಳಲಾಗದೆ ಸಂಸಾರದಲ್ಲಿ ಮನಸ್ತಾಪ ಬೆಳೆಯುವುದು, ಕೊನೆಗೆ ಗುಟ್ಟಾಗಿ ಮಾತ್ರೆ ನಿಲ್ಲುವುದು ತೀರ ಅನ್ಯಾಯ. ವೈದ್ಯರೆದುರು ಬಾಯಿಬಿಟ್ಟು ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಅವರಿಗೆ ಇದು ಹೊಸತಲ್ಲ. ದುಃಖವೂ ಇಲ್ಲ ಸಂತೋಷವೂ ಇಲ್ಲ ಎಂಬಂತೆ ಮನಸ್ಸು ಮರಗಟ್ಟಿದ್ದರೆ ಅದನ್ನೂ ಹೇಳಿ.

ಇನ್ನೊಂದು ಪ್ರಶ್ನೆ ಕೇಳುವುದು ಒಳ್ಳೆಯದು: ಹೆಚ್ಚಿದ ಡೋಸ್‌ನಿಂದ ಹೆಚ್ಚಿನ ಲಾಭ ಸಿಕ್ಕಿದೆಯೇ? ಈ ಗುಂಪಿನ ಮಾತ್ರೆಗಳು ಸಾಮಾನ್ಯ ಚಿಕಿತ್ಸಾ ಡೋಸ್‌ನಲ್ಲೇ ಮಿದುಳಿನ ಸೆರೊಟೋನಿನ್ ಸಾಗಣೆ ತಾಣಗಳಲ್ಲಿ ಸುಮಾರು ಶೇ 80ರಷ್ಟನ್ನು ಹಿಡಿದಿಟ್ಟಿರುತ್ತವೆ. ಹಾಗಾಗಿ ಡೋಸ್ ಎರಡರಷ್ಟಾದರೆ ಫಲ ಎರಡರಷ್ಟಾಗುವುದಿಲ್ಲ. ಕೆಲವರಿಗೆ ಏರಿಕೆಯಿಂದ ನಿಜವಾಗಿ ಗುಣ ಕಾಣುತ್ತದೆ, ಕೆಲವರಿಗೆ ಅಡ್ಡಪರಿಣಾಮವಷ್ಟೇ ಉಳಿಯುತ್ತದೆ. ಎರಡನೆಯ ಗುಂಪಿನಲ್ಲಿ ನೀವಿದ್ದರೆ ಡೋಸ್ ಇಳಿಸುವುದು, ಬೇರೆ ಮಾತ್ರೆಗೆ ಬದಲಾಗುವುದು, ಜೊತೆಗೆ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ ಸೇರಿಸುವುದು ಎಲ್ಲವೂ ತೆರೆದೇ ಇವೆ. ಆತಂಕದ ಕಾಯಿಲೆಗೆ ಸಿಬಿಟಿ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಊರಿನಲ್ಲಿ ಅದನ್ನು ಕೊಡುವ ಮನಶ್ಶಾಸ್ತ್ರಜ್ಞರು ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ, ಟೆಲಿ ಮಾನಸ್‌ಗೆ ಕರೆ ಮಾಡಿಯೂ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆಂದು ಕೇಳಬಹುದು.